ಜೊವಿನಿಯನ್‌ನ ವಾದವನ್ನು ರೋಮ್ ಖಂಡಿಸಿದ್ದೇಕೆ?

ಪ್ರಶ್ನೆ: ದೀಕ್ಷಾಸ್ನಾನ ಪಡೆದ ಕನ್ಯೆ, ವಿಧವೆ, ಗೃಹಿಣಿ ಮೂವರೂ ಉಳಿದ ನಡತೆಯಲ್ಲಿ ಸಮಾನರಾಗಿದ್ದರೆ ಪುಣ್ಯದಲ್ಲೂ ಸಮಾನರೇ ಎಂದು ವಾದಿಸಿದ, ನಾಲ್ಕನೇ ಶತಮಾನದ ಜೊವಿನಿಯನ್ ಸ್ವತಃ ಕ್ರೈಸ್ತ ಸನ್ಯಾಸಿ. ಪೋಪ್ ಸಿರಿಸಿಯಸ್ ಅವರು ಆತನನ್ನು ಬಹಿಷ್ಕರಿಸಿದ್ದೇಕೆ?

ಉತ್ತರ: ಬ್ರಹ್ಮಚರ್ಯವೇ ಶ್ರೇಷ್ಠವೆಂಬ ನಂಬಿಕೆ ಆಗಲೇ ಬೇರೂರಿತ್ತು. 393ರ ಸುಮಾರಿಗೆ ಬೈಬಲ್ ವಿದ್ವಾಂಸ ಸಂತ ಜೆರೋಮರು, ಯೇಸು ಹೇಳಿದ ಬಿತ್ತುವವನ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ) ಬರುವ ನೂರರಷ್ಟು ಫಲವನ್ನು ಕನ್ಯತ್ವಕ್ಕೂ ಅರವತ್ತರಷ್ಟನ್ನು ವೈಧವ್ಯಕ್ಕೂ ಮೂವತ್ತರಷ್ಟನ್ನು ದಾಂಪತ್ಯಕ್ಕೂ ಹಂಚಿ ಖಂಡನೆ ಬರೆದರು. ಅದು ಎಷ್ಟು ಕಟುವಾಗಿತ್ತೆಂದರೆ, ಗೆಳೆಯ ಪಮ್ಮಾಕಿಯಸ್ಸರೇ ಪ್ರತಿಗಳನ್ನು ಹಿಂಪಡೆಯಲು ಯತ್ನಿಸಿದರು.

ಮತ್ತೊಂದು ಉತ್ತರ: ಕ್ರೈಸ್ತ ಧರ್ಮಶಾಸ್ತ್ರಜ್ಞ ಸಂತ ಆಗಸ್ಟೀನರನ್ನು ಮರೆಯಬಾರದು. ಸುಮಾರು 401ರಲ್ಲಿ ಮದುವೆಯ ಕುರಿತು ಬರೆದ ಕೃತಿಯಲ್ಲಿ ಅವರು ಸಂತಾನ, ನಿಷ್ಠೆ, ಬಿಡಿಸಲಾಗದ ಪವಿತ್ರ ಬಂಧ ಎಂಬ ಮೂರು ಒಳಿತುಗಳನ್ನು ದಾಂಪತ್ಯದಲ್ಲಿ ಗುರುತಿಸಿದರು. ಕನ್ಯತ್ವವೇ ಮೇಲೆಂದರೂ ಮದುವೆಯನ್ನು ಕೀಳೆನ್ನಲಿಲ್ಲ. ನನಗೆ ಈ ವಾದವೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು: ವಂದನೆಗಳು. ವಿಧೇಯಳಾದ ವಿವಾಹಿತೆ ಅವಿಧೇಯಳಾದ ಕನ್ಯೆಗಿಂತ ಮೇಲು ಎಂದೂ ಆಗಸ್ಟೀನರು ಆ ಕೃತಿಯಲ್ಲೇ ಹೇಳಿದ್ದಾರೆ. ಜೊವಿನಿಯನ್‌ನ ಅಳಲಿಗೆ ಅಷ್ಟಾದರೂ ಉತ್ತರ ಸಿಕ್ಕಿತ್ತು.