ಅಮ್ಮನ ವರದಿಯಲ್ಲಿ ‘ಮಿಥೈಲೇಶನ್’ ಎಂದಿದೆ, ಇದು ಮಕ್ಕಳಿಗೂ ಬರುವುದೇ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ತಾಯಿಗೆ 71 ವರ್ಷ. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆಯಿದ್ದು, ಕಳೆದ ತಿಂಗಳು ಶಸ್ತ್ರಚಿಕಿತ್ಸೆಯಾಯಿತು. ಮೊದಲ ಬಯಾಪ್ಸಿ ವರದಿಯಲ್ಲಿ ‘ಎಂಎಲ್‌ಎಚ್1 ಮತ್ತು ಪಿಎಂಎಸ್2 ಪ್ರೋಟೀನ್‌ಗಳು ಕಾಣುತ್ತಿಲ್ಲ’ ಎಂದಿತ್ತು. ಅದು ವಂಶದಲ್ಲಿ ಹರಿದುಬರುವ, ಕ್ಯಾನ್ಸರ್ ಅಪಾಯ ಹೆಚ್ಚಿಸುವ ಲಿಂಚ್ ಸಿಂಡ್ರೋಮ್ ಇರಬಹುದೆಂದು ತಿಳಿದು ನಾನೂ ನನ್ನ ತಂಗಿಯೂ ಬಹಳ ಹೆದರಿದ್ದೆವು. ಈಗ ಎರಡನೆಯ ವರದಿಯಲ್ಲಿ ‘ಎಂಎಲ್‌ಎಚ್1 ಪ್ರಮೋಟರ್ ಮಿಥೈಲೇಶನ್ ಇದೆ’ ಎಂದು ಬಂದಿದೆ. ‘ಇದು ಎಪಿಜೆನೆಟಿಕ್ ಬದಲಾವಣೆ, ಗಾಬರಿ ಬೇಡ’ ಎಂದು ವೈದ್ಯರು ಹೇಳಿದರು. ಹಾಗಾದರೆ ಜೀನ್ ಕೆಟ್ಟಿದೆಯೋ ಇಲ್ಲವೋ? ನಮಗೂ ನಮ್ಮ ಮಕ್ಕಳಿಗೂ ಇದು ಬರುವುದೇ?

ಉತ್ತರ (ಪೆಥಾಲಜಿಸ್ಟ್): ನಿಮ್ಮ ವೈದ್ಯರು ಹೇಳಿದ್ದು ಸರಿ. ಆದರೆ ಆ ಒಂದು ಮಾತಿನಿಂದ ಭಯ ಹೋಗುವುದಿಲ್ಲವೆಂದು ನನಗೆ ಗೊತ್ತು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜೀನ್ ಎಂಬುದನ್ನು ಕಚೇರಿಯ ಒಂದು ಕಡತವೆಂದುಕೊಳ್ಳಿ. ಕಡತದ ಬರಹವೇ ತಪ್ಪಾಗಿದ್ದರೆ ಅದು ಮ್ಯುಟೇಶನ್. ಬರಹದ ಒಂದಕ್ಷರವೂ ಬದಲಾಗದೆ, ಮೇಲ್ಭಾಗದಲ್ಲಿ ಯಾರೋ ‘ಜಾರಿಗೆ ತರಬಾರದು’ ಎಂದು ಷರಾ ಬರೆದುಬಿಟ್ಟರೆ ಅದು ಎಪಿಜೆನೆಟಿಕ್ ಬದಲಾವಣೆ. ಇಲ್ಲಿ ಷರಾ ಎಂದರೆ, ಡಿಎನ್‌ಎಯ ಸೈಟೊಸಿನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುವ ಮಿಥೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪು. ಜೀನ್ ಕೆಲಸ ಆರಂಭಿಸುವ ಜಾಗವಾದ ಪ್ರಮೋಟರ್‌ನಲ್ಲಿ ಇವು ಒತ್ತಾಗಿ ಕೂತರೆ ಆ ಜೀನ್ ಮೌನವಾಗುತ್ತದೆ. ಕೋಶ ಇಬ್ಭಾಗವಾಗುವಾಗ ಡಿಎನ್‌ಎಂಟಿ1 ಎಂಬ ಕಿಣ್ವವು ಈ ಗುರುತುಗಳನ್ನೂ ಹೊಸ ಪ್ರತಿಗೆ ಇಳಿಸುತ್ತದೆ. ನಕಲು ಮಾಡುವ ಗುಮಾಸ್ತ ಬರಹದ ಜೊತೆಗೆ ಷರಾವನ್ನೂ ನಕಲು ಮಾಡುವ ಹಾಗೆ. ಆದ್ದರಿಂದಲೇ ಒಂದು ಕೋಶದಲ್ಲಿ ಆರಂಭವಾದ ಮೌನ ಇಡೀ ಗಡ್ಡೆಗೆ ಹರಡುತ್ತದೆ.

ಎಂಎಲ್‌ಎಚ್1 ಸಾಮಾನ್ಯ ಜೀನ್ ಅಲ್ಲ. ಡಿಎನ್‌ಎ ಪ್ರತಿಯಾಗುವಾಗ ಉಳಿಯುವ ತಪ್ಪುಗಳನ್ನು ತಿದ್ದುವ ತಂಡದಲ್ಲಿ ಅದು ಮುಖ್ಯವಾದದ್ದು. ಅದರ ಜೊತೆಗಾರ ಪಿಎಂಎಸ್2 ಒಂಟಿಯಾಗಿ ಬಾಳುವುದಿಲ್ಲ, ಕರಗಿಹೋಗುತ್ತದೆ. ಮೌನವಾದದ್ದು ಒಂದೇ ಜೀನ್ ಆದರೂ ವರದಿಯಲ್ಲಿ ಎರಡು ಪ್ರೋಟೀನ್‌ಗಳು ಕಾಣದಿರುವುದಕ್ಕೆ ಕಾರಣ ಇದೇ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 15 ಶೇಕಡಾದಷ್ಟರಲ್ಲಿ ಈ ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ಅವುಗಳಲ್ಲಿ ಲಿಂಚ್ ಸಿಂಡ್ರೋಮ್‌ನವು ಕಡಿಮೆ. ಹೆಚ್ಚಿನವು ನಿಮ್ಮ ತಾಯಿಯವರಂತೆ, ವಯಸ್ಸಾದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಕರುಳಿನ ಬಲಭಾಗದಲ್ಲಿ, ಮಿಥೈಲೇಶನ್‌ನಿಂದಲೇ ಉಂಟಾದವು. ಈ ಗುರುತು ಸಾಮಾನ್ಯವಾಗಿ ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತದೆ, ಹೆತ್ತವರಿಂದ ಮಕ್ಕಳಿಗೆ ದಾಟುವುದಿಲ್ಲ. ಲಿಂಚ್ ಆಗಿದ್ದರೆ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಆ ಜೀನ್ ದೋಷ ಬಂದಿರುವ 50 ಶೇಕಡಾ ಸಾಧ್ಯತೆ ಇರುತ್ತಿತ್ತು.

ಎರಡು ವಿಷಯಗಳನ್ನು ಕೇಳಿ ತಿಳಿದುಕೊಳ್ಳಿ. ಗಡ್ಡೆಯಲ್ಲಿ ಬಿಆರ್‌ಎಎಫ್ ಎಂಬ ಜೀನ್‌ನ ವಿ600ಇ ಮ್ಯುಟೇಶನ್ ಇದೆಯೇ ಎಂದು ನೋಡಿದ್ದಾರೆಯೇ? ಅದು ಇದ್ದರೆ ಲಿಂಚ್ ಅಲ್ಲವೆಂಬ ಭರವಸೆ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡನೆಯದಾಗಿ, ಬಹಳ ಅಪರೂಪಕ್ಕೆ ಮಿಥೈಲೇಶನ್ ರಕ್ತದ ಕೋಶಗಳಲ್ಲೂ ಇರುವುದುಂಟು, ಅಂದರೆ ಅದು ಗಡ್ಡೆಗಷ್ಟೇ ಸೀಮಿತವಾಗಿರುವುದಿಲ್ಲ. ರೋಗಿ ಚಿಕ್ಕ ವಯಸ್ಸಿನವರಾಗಿದ್ದರೆ ಅಥವಾ ಮನೆತನದಲ್ಲಿ ಹಲವರಿಗೆ ಕರುಳಿನ ಇಲ್ಲವೇ ಗರ್ಭಕೋಶದ ಕ್ಯಾನ್ಸರ್ ಆಗಿದ್ದರೆ ರಕ್ತಪರೀಕ್ಷೆ ಮಾಡಿಸಲೇಬೇಕು. ಏನೇ ಇದ್ದರೂ, ತಾಯಿಗೆ ಕರುಳಿನ ಕ್ಯಾನ್ಸರ್ ಆಗಿರುವುದರಿಂದ ನೀವಿಬ್ಬರೂ 40 ದಾಟಿದ್ದರೆ ಕೊಲೊನೋಸ್ಕೋಪಿಯ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಬಗ್ಗೆ ವೈದ್ಯರೊಡನೆ ಮಾತನಾಡಿ.

ಅದೇ ಸದಸ್ಯರ ಮರುಪ್ರಶ್ನೆ: ಮನಸ್ಸು ಹಗುರವಾಯಿತು ಮೇಡಂ. ಅದು ಬರೀ ಷರಾ ಆದರೆ ಅಳಿಸಬಹುದಲ್ಲವೇ? ‘ಆಹಾರದಿಂದ ಎಪಿಜೆನೆಟಿಕ್ಸ್ ಸರಿಪಡಿಸುತ್ತೇವೆ’ ಎಂದು ಒಬ್ಬರು ಪುಡಿಯೊಂದನ್ನು ಮಾರುತ್ತಿದ್ದಾರೆ. ಸಂಬಂಧಿಕರು ಕೊಳ್ಳಿ ಎಂದು ಒತ್ತಾಯಿಸುತ್ತಿದ್ದಾರೆ.

ಉತ್ತರ: ದಯವಿಟ್ಟು ಕೊಳ್ಳಬೇಡಿ. ಷರಾ ಅಳಿಸುವ ಔಷಧಗಳು ನಿಜವಾಗಿಯೂ ಇವೆ. ಅಜಾಸಿಟಿಡಿನ್ 2004ರಲ್ಲಿ, ಡೆಸಿಟಾಬಿನ್ 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಅಸ್ಥಿಮಜ್ಜೆಯ ಕಾಯಿಲೆಯಾದ ಎಂಡಿಎಸ್‌ನಲ್ಲಿ ಅವು ಉಪಯುಕ್ತವಾಗಿವೆ. ಆದರೆ ಅವು ಒಂದು ಕಡತವನ್ನು ಆರಿಸಿ ಅಳಿಸುವುದಿಲ್ಲ, ಇಡೀ ಕಚೇರಿಯ ಷರಾಗಳ ಮೇಲೆ ಕೈಯಾಡಿಸುತ್ತವೆ, ಮತ್ತು ಔಷಧ ನಿಲ್ಲಿಸಿದ ಮೇಲೆ ಗುರುತುಗಳು ಮರಳಿ ಬರುತ್ತವೆ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಎಂಎಲ್‌ಎಚ್1 ಮೌನವಾಗಿದ್ದ ಕಾಲದಲ್ಲಿ ಗಡ್ಡೆಯ ಕೋಶಗಳಲ್ಲಿ ಬೇರೆ ಜೀನ್‌ಗಳ ಬರಹವೇ ಸಾವಿರಾರು ಕಡೆ ತಪ್ಪಾಗಿಹೋಗಿರುತ್ತದೆ. ಈಗ ಷರಾ ಅಳಿಸಿ ತಿದ್ದುವವನನ್ನು ಮತ್ತೆ ಕೂರಿಸಿದರೂ, ಆಗಲೇ ಅಚ್ಚಾದ ತಪ್ಪುಗಳನ್ನು ಅವನು ತಿದ್ದಲಾರ. ಇದೇ ತಪ್ಪುಗಳಿಂದ ಹುಟ್ಟುವ ವಿಚಿತ್ರ ಪ್ರೋಟೀನ್‌ಗಳನ್ನು ನಮ್ಮ ರೋಗನಿರೋಧಕ ಕೋಶಗಳು ಗುರುತಿಸಬಲ್ಲವು. ಆದ್ದರಿಂದ ಮುಂದೆಂದಾದರೂ ರೋಗ ಹರಡಿದರೆ ಪೆಂಬ್ರೊಲಿಜುಮ್ಯಾಬ್‌ನಂತಹ ಇಮ್ಯುನೋಥೆರಪಿಗೆ ಇಂತಹ ಗಡ್ಡೆಗಳು ಇತರ ಗಡ್ಡೆಗಳಿಗಿಂತ ಚೆನ್ನಾಗಿ ಸ್ಪಂದಿಸುತ್ತವೆ. ಆ ವರದಿಯನ್ನು ಜೋಪಾನವಾಗಿಡಿ.

ಆಹಾರದ ಬಗ್ಗೆ: ಮಿಥೈಲ್ ಗುಂಪುಗಳನ್ನು ಒದಗಿಸುವಲ್ಲಿ ಫೋಲೇಟ್‌ಗೆ ಪಾತ್ರವಿರುವುದು ನಿಜ. ಆದರೆ ಹಿಂದೆ ಕರುಳಿನ ಗಂಟು ತೆಗೆಸಿಕೊಂಡಿದ್ದ 1,000ಕ್ಕೂ ಹೆಚ್ಚು ಜನರಿಗೆ ದಿನಕ್ಕೆ 1 ಮಿಲಿಗ್ರಾಂ ಫೋಲಿಕ್ ಆಮ್ಲ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊಸ ಗಂಟುಗಳು ಕಡಿಮೆಯಾಗಲಿಲ್ಲ. ಅಮ್ಮನಿಗೆ ರುಚಿಸುವ, ಜೀರ್ಣವಾಗುವ ಊಟ ಕೊಡಿ. ಪುಡಿಯ ದುಡ್ಡು ಕೊಲೊನೋಸ್ಕೋಪಿಗೆ ಇರಲಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮ ಅಣ್ಣನಿಗೆ ಮೆದುಳಿನ ಗ್ಲಿಯೋಬ್ಲಾಸ್ಟೋಮಾ ಇದೆ. ‘ಎಂಜಿಎಂಟಿ ಮಿಥೈಲೇಟೆಡ್’ ಎಂದು ಬಂದಾಗ ವೈದ್ಯರು ಒಳ್ಳೆಯದು ಎಂದರು. ಮೇಲಿನದನ್ನು ಓದಿ ಗೊಂದಲವಾಯಿತು.

ಉತ್ತರ: ಯಾವ ಕಡತದ ಮೇಲೆ ಷರಾ ಬಿದ್ದಿದೆ ಎಂಬುದರ ಮೇಲೆ ಒಳಿತು ಕೆಡುಕು ನಿಂತಿದೆ. ಟೆಮೊಜೊಲೊಮೈಡ್ ಮಾತ್ರೆಯು ಗಡ್ಡೆಯ ಡಿಎನ್‌ಎಗೆ ಮಾಡುವ ಹಾನಿಯನ್ನು ಎಂಜಿಎಂಟಿ ಪ್ರೋಟೀನ್ ಸರಿಪಡಿಸಿಬಿಡುತ್ತದೆ. ಆ ಜೀನ್ ಮೌನವಾಗಿದ್ದರೆ ಗಡ್ಡೆಗೆ ಆ ರಕ್ಷಣೆ ಇಲ್ಲ, ಮಾತ್ರೆಯ ಏಟು ಉಳಿಯುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಮಿಥೈಲೇಶನ್ ಇದ್ದವರ ಪೈಕಿ ಬರೀ ವಿಕಿರಣ ಪಡೆದವರ ಬದುಕಿನ ಮಧ್ಯಾಂಕ 15.3 ತಿಂಗಳಿದ್ದರೆ, ಮಾತ್ರೆಯನ್ನೂ ಪಡೆದವರದು 21.7 ತಿಂಗಳಿತ್ತು. ಇದು ಗುಂಪಿನ ಲೆಕ್ಕವೇ ಹೊರತು ನಿಮ್ಮ ಅಣ್ಣನ ದಿನಗಳ ಎಣಿಕೆಯಲ್ಲ. ಆ ಗುಂಪಿನ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದಾರೆ. ಮಾತ್ರೆಯ ಸರದಿಗಳನ್ನು ತಪ್ಪಿಸದೆ, ಪ್ರತಿ ಸರದಿಗೂ ಮುನ್ನ ರಕ್ತಕಣಗಳ ಎಣಿಕೆ ಮಾಡಿಸಿ.