ಪರದೆಯ ಹಸಿರು, ಅಚ್ಚಿನ ಪಾಚಿ: ಹೋಟೆಲಿನ ಮೆನು ಕಾರ್ಡ್ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಡಿಟಿಪಿ ಕಲಿತವರು, ತಿಪಟೂರು): ನಮಸ್ಕಾರ ಸರ್. ಡಿಟಿಪಿ ತರಬೇತಿ ಮುಗಿಸಿ ಆರು ತಿಂಗಳಾಗಿದೆ. ಊರಿನ ಒಂದು ಸಸ್ಯಾಹಾರಿ ಹೋಟೆಲಿಗೆ ಎ4 ಅಳತೆಯ, ಮೂರು ಮಡಿಕೆಯ ಮೆನು ಕಾರ್ಡ್ ವಿನ್ಯಾಸ ಮಾಡಿಕೊಟ್ಟೆ. ಅದು ನಾನು ಸ್ವತಂತ್ರವಾಗಿ ಮಾಡಿದ ಮೊದಲ ಕೆಲಸ. 500 ಪ್ರತಿಗಳು ಅಚ್ಚಾಗಿ ಬಂದಾಗ ನೋಡಿದರೆ, ಪರದೆಯ ಮೇಲೆ ಹೊಳೆಯುತ್ತಿದ್ದ ಬಾಳೆಎಲೆ ಪಾಚಿಯ ಬಣ್ಣಕ್ಕೆ ತಿರುಗಿತ್ತು, ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಉಳಿದಿತ್ತು, ಸಾಲದ್ದಕ್ಕೆ ‘ಉಪ್ಪಿಟ್ಟು’ ಎಂಬುದು ‘ಉಪ್‌ಪಿಟ್‌ಟು’ ಎಂದಾಗಿತ್ತು. ನಾನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆ. ಪ್ರೆಸ್ಸಿನವರು ತಮ್ಮಲ್ಲಿ ಆ ಫಾಂಟ್ ಇಲ್ಲ, ಎಲ್ಲವೂ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ ಎಂದು ಫೋನ್ ಮಾಡಿದ್ದರಿಂದ ಅವಸರದಲ್ಲಿ, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ಬದಲಾಯಿಸಿ ಕಳುಹಿಸಿದೆ. ಮಾಲೀಕರು ಅರ್ಧ ಹಣ ಹಿಡಿದಿದ್ದಾರೆ. ತಪ್ಪು ನನ್ನದೇ, ಪ್ರೆಸ್ಸಿನದೇ?

ಉತ್ತರ (ಆಫ್‌ಸೆಟ್ ಮುದ್ರಣ ವೃತ್ತಿಯಲ್ಲಿರುವವರು): ನಮಸ್ಕಾರ. ಪ್ರೂಫ್ (ಪರಿಶೀಲನೆಗೆ ತೆಗೆಯುವ ಮಾದರಿ ಪ್ರತಿ) ತೋರಿಸದೆ ಪ್ಲೇಟ್ (ಅಚ್ಚೊತ್ತುವ ಫಲಕ) ಹಾಕಿದ್ದು ಪ್ರೆಸ್ಸಿನವರ ತಪ್ಪು. ಪ್ರೂಫ್ ಕೇಳದೆ ಫೈಲ್ ಒಪ್ಪಿಸಿದ್ದು ನಿಮ್ಮ ತಪ್ಪು. ಹಣದ ವಿಚಾರವನ್ನು ಕೊನೆಗೆ ನೋಡೋಣ, ಮೊದಲು ಕೆಲಸ.

ಪರದೆ ಬೆಳಕಿನಿಂದ ಬಣ್ಣ ಹುಟ್ಟಿಸುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳು (ಆರ್‌ಜಿಬಿ) ಸೇರಿದಷ್ಟೂ ಅಲ್ಲಿ ಹೊಳಪು ಹೆಚ್ಚುತ್ತದೆ. ಕಾಗದದ ಮೇಲೆ ಸಯಾನ್ (ಹಸಿರು ಛಾಯೆಯ ನೀಲಿ), ಮಜೆಂಟಾ (ನೇರಳೆ ಛಾಯೆಯ ಕೆಂಪು), ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳು (ಸಿಎಂವೈಕೆ) ಬೀಳುತ್ತವೆ, ಅವು ಸೇರಿದಷ್ಟೂ ಬೆಳಕು ಇಂಗಿ ಬಣ್ಣ ಕಂದುತ್ತದೆ. ಪರದೆಯ ಆ ಎಳೆ ಹಸಿರನ್ನು ಈ ನಾಲ್ಕು ಶಾಯಿಗಳಿಂದ ಯಾವ ಯಂತ್ರವೂ ತರಲಾರದು. ಆದರೆ ಪಾಚಿಯಾಗುವುದನ್ನು ಖಂಡಿತ ತಪ್ಪಿಸಬಹುದು. ಆರ್‌ಜಿಬಿ ಫೈಲನ್ನು ಕೊನೆಯ ಗಳಿಗೆಯಲ್ಲಿ ಸಿಎಂವೈಕೆಗೆ ತಿರುಗಿಸಿದಾಗ ಹಸಿರಿನೊಳಗೆ ಸ್ವಲ್ಪ ಮಜೆಂಟಾ, ಸ್ವಲ್ಪ ಕಪ್ಪು ನುಸುಳುತ್ತವೆ. ಮಂಕುತನ ಬರುವುದು ಅಲ್ಲಿಂದ. ಫೈಲನ್ನು ಮೊದಲಿನಿಂದಲೇ ಸಿಎಂವೈಕೆಯಲ್ಲಿ ತೆರೆದು, ಎಲೆಗೆ ಸಯಾನ್ 60, ಹಳದಿ 100, ಉಳಿದೆರಡು ಸೊನ್ನೆ ಎಂದು ಕೊಟ್ಟು ನೋಡಿ, ಬಾಳೆಎಲೆ ಬಾಳೆಎಲೆಯಂತೆಯೇ ಬರುತ್ತದೆ.

ಇದೇ ಕಾರಣಕ್ಕೆ ನಿಮ್ಮ ಕಪ್ಪು ಅಕ್ಷರಗಳನ್ನೂ ಒಮ್ಮೆ ಭೂತಗನ್ನಡಿ ಹಿಡಿದು ನೋಡಿ. ಆರ್‌ಜಿಬಿಯ ಕಪ್ಪು ತಿರುಗಿಸಿದಾಗ ನಾಲ್ಕೂ ಶಾಯಿಗಳ ಮಿಶ್ರಣವಾಗುತ್ತದೆ, ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದಿದ್ದರೆ ಅಕ್ಷರದ ಅಂಚಿನಲ್ಲಿ ಕೆಂಪೋ ನೀಲಿಯೋ ನೆರಳು ಇಣುಕುತ್ತದೆ. ಕನ್ನಡದಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ‘ಕ್ಷ’, ‘ಜ್ಞ’ಗಳಂತಹ ಅಕ್ಷರಗಳ ಒಳಗಿನ ಸಣ್ಣ ಕಿಂಡಿಗಳು ಮುಚ್ಚಿಹೋಗುತ್ತವೆ. ಅಕ್ಷರಕ್ಕೆ ಕಪ್ಪು 100, ಉಳಿದ ಮೂರೂ ಸೊನ್ನೆ ಇರಲಿ.

ಬಿಳಿ ಗೆರೆಗೆ ಕಾರಣ ಬ್ಲೀಡ್, ಅಂದರೆ ಕತ್ತರಿಸುವ ಗೆರೆಯ ಆಚೆಗೂ ಚಾಚಿದ ಬಣ್ಣ, ಬಿಡದಿರುವುದು. ಕಟಿಂಗ್ ಯಂತ್ರದ ಅಲಗು ನೂರಾರು ಹಾಳೆಗಳ ಕಟ್ಟನ್ನು ಒಮ್ಮೆಗೇ ಕತ್ತರಿಸುವಾಗ ಒಂದಿಷ್ಟು ಸರಿಯುವುದು ಸಹಜ. ಹಿನ್ನೆಲೆಯ ಬಣ್ಣವನ್ನು ನಾಲ್ಕೂ ಕಡೆ 3 ಮಿ.ಮೀ. ಹೊರಕ್ಕೆ ಚಾಚಬೇಕು, ಅಕ್ಷರಗಳನ್ನು ಅಂಚಿನಿಂದ ಕನಿಷ್ಠ 5 ಮಿ.ಮೀ. ಒಳಗಿಡಬೇಕು. ಮೂರು ಮಡಿಕೆ ಎಂದಿರಲ್ಲ, 297 ಮಿ.ಮೀ.ಯನ್ನು 99ರಂತೆ ಸಮನಾಗಿ ಮೂರು ಪಾಲು ಮಾಡಿದ್ದರೆ ಒಳಗೆ ಮಡಚಿಕೊಳ್ಳುವ ಪುಟ ಉಬ್ಬಿಕೊಂಡಿರುತ್ತದೆ. 100, 100, 97 ಎಂದು ಹಂಚಿ, 97ರದ್ದು ಒಳಮಡಿಕೆಗೆ ಬರಲಿ.

ಇನ್ನು ಉಪ್ಪಿಟ್ಟು. ನುಡಿಯ ಹಳೆಯ ಫಾಂಟುಗಳು ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಸ್ಥಾನದಲ್ಲಿ ಕೂರಿಸಿಕೊಂಡಿವೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಆದರೆ ಅಲ್ಲಿ ‘ಪ್ಪ’ ಎಂಬುದು ಪ, ಅಕ್ಷರವನ್ನು ಅರ್ಧ ಮಾಡುವ ಹಲಂತ ಚಿಹ್ನೆ, ಪ ಎಂಬ ಮೂರು ಸಂಕೇತಗಳಾಗಿ ಉಳಿದಿರುತ್ತದೆ, ಅವನ್ನು ಬೆಸೆದು ಒತ್ತಕ್ಷರ ಮಾಡುವ ಹೊಣೆ ತಂತ್ರಾಂಶದ್ದು. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ, ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಎಂಬ ಅಕ್ಷರಜೋಡಣೆಯ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಆ ಬೆಸುಗೆ ನಡೆಯುವುದೇ ಇಲ್ಲ. ಪ್ರೆಸ್ಸಿಗೆ ಕಳುಹಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಕರ್ವ್ಸ್ ಮಾಡಿ (ಫಾಂಟ್ ಬೇಡದ ರೇಖಾಚಿತ್ರವಾಗಿ ಬದಲಿಸಿ), ತಿದ್ದಲು ಬರುವ ಮೂಲ ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಯೂನಿಕೋಡ್‌ಗೆ ತಿರುಗಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳಿರುವ ಪ್ರತಿ ಪದವನ್ನೂ ಗಟ್ಟಿಯಾಗಿ ಓದಿ, ಕಣ್ಣು ದಾಟಿಸಿದ್ದನ್ನು ನಾಲಿಗೆ ಹಿಡಿಯುತ್ತದೆ.

ಪ್ರಶ್ನೆ (ಅದೇ ಕಲಿಕೆಯವರು): ತುಂಬಾ ಉಪಕಾರವಾಯಿತು ಸರ್. ಇನ್ನೆರಡು ಸಂದೇಹಗಳಿವೆ. ಸಾಲುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಹಾಗೆಯೇ, ಮಾಲೀಕರು ವಾಟ್ಸಾಪ್‌ನಲ್ಲಿ ಕಳುಹಿಸಿದ ದೋಸೆಯ ಫೋಟೋ ಮುಖಪುಟದಲ್ಲಿ ಮಸುಕಾಗಿದೆ.

ಉತ್ತರ: ತಂತ್ರಾಂಶವು ತಾನಾಗಿ ಬಿಡುವ ಸಾಲಿನಂತರ ಇಂಗ್ಲಿಷಿಗೆ ಹೇಳಿಮಾಡಿಸಿದ್ದು. ಇನ್‌ಡಿಸೈನ್‌ನಲ್ಲಿ ಅದು ಶೇ 120, ಅಂದರೆ 12 ಪಾಯಿಂಟಿನ ಅಕ್ಷರಕ್ಕೆ 14.4. ನಮ್ಮಲ್ಲಿ ಕೆಳಗೆ ಇಳಿಯುವ ಒತ್ತಕ್ಷರ, ಮುಂದಿನ ಸಾಲಿನಲ್ಲಿ ಮೇಲೇಳುವ ಗುಡಿಸು ಎರಡೂ ಅದೇ ಜಾಗಕ್ಕೆ ಬಂದು ಢಿಕ್ಕಿ ಹೊಡೆಯುತ್ತವೆ. 12ಕ್ಕೆ 17 ಅಥವಾ 18 ಕೊಡಿ. ಹೋಟೆಲಿನ ಟ್ಯೂಬ್‌ಲೈಟಿನಲ್ಲಿ, ಕನ್ನಡಕ ಮನೆಯಲ್ಲೇ ಮರೆತು ಬಂದ ಹಿರಿಯರೂ ಓದಬೇಕಾದ ಕಾಗದವಿದು, ಆದ್ದರಿಂದ 12ಕ್ಕಿಂತ ಕೆಳಗಿಳಿಯಬೇಡಿ.

ಫೋಟೋಗೆ ಒಂದು ಸರಳ ಲೆಕ್ಕವಿದೆ. ಅಚ್ಚಿಗೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕು. 1,200 ಪಿಕ್ಸೆಲ್ ಅಗಲದ ಚಿತ್ರವನ್ನು 4 ಅಂಗುಲಕ್ಕೆ ಮಾತ್ರ ನೆಮ್ಮದಿಯಾಗಿ ಹಿಗ್ಗಿಸಬಹುದು, ಎ4 ಹಾಳೆ ತುಂಬಬೇಕಾದರೆ 2,480ಕ್ಕೆ 3,508 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಲು ಹೇಳಿ. ಇಲ್ಲವೇ ಬೆಳಿಗ್ಗೆ ನೀವೇ ಹೋಗಿ, ಕಿಟಕಿಯ ಬೆಳಕಿನಲ್ಲಿ, ಕಾವಲಿಯಿಂದ ಇಳಿದ ತಕ್ಷಣ ದೋಸೆಯ ಚಿತ್ರ ತೆಗೆಯಿರಿ. ಐದು ನಿಮಿಷ ಕಳೆದರೆ ದೋಸೆ ಮೆತ್ತಗಾಗಿ ಅಂಚು ಕುಸಿಯುತ್ತದೆ, ಅದನ್ನು ಯಾವ ತಂತ್ರಾಂಶವೂ ಗರಿಗರಿ ಮಾಡಲಾರದು.

ಪ್ರಶ್ನೆ (ಹೋಟೆಲ್ ನಿರ್ವಹಣೆಯ ವಿದ್ಯಾರ್ಥಿ, ಮೈಸೂರು): ಮೆನು ಕಾರ್ಡಿನಲ್ಲಿ ಕ್ಯಾಲೊರಿಯನ್ನು ಕಡ್ಡಾಯವಾಗಿ ನಮೂದಿಸಬೇಕು ಎಂದು ತರಗತಿಯಲ್ಲಿ ಹೇಳಿದರು. ಸಣ್ಣ ಹೋಟೆಲುಗಳಿಗೂ ಇದು ಅನ್ವಯಿಸುತ್ತದೆಯೇ? ಕ್ಯೂಆರ್ ಕೋಡ್ ಹಾಕಿದರೆ ಕಾರ್ಡೇ ಬೇಡವಲ್ಲವೇ?

ಉತ್ತರ (ಹೋಟೆಲ್ ಸೇವಾ ವಿಭಾಗದ ತರಬೇತುದಾರರು): ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಾವಳಿಯ ಪ್ರಕಾರ, ಕೇಂದ್ರ ಪರವಾನಗಿ ಪಡೆದ ಅಥವಾ 10 ಇಲ್ಲವೇ ಹೆಚ್ಚು ಕಡೆ ಶಾಖೆಗಳಿರುವ ಆಹಾರ ಸೇವಾ ಸಂಸ್ಥೆಗಳು ಒಂದು ಬಡಿಸುವ ಪ್ರಮಾಣಕ್ಕೆ ಎಷ್ಟು ಕಿಲೋ ಕ್ಯಾಲೊರಿ ಎಂಬುದನ್ನು ಮೆನುವಿನಲ್ಲಿ ತೋರಿಸಬೇಕು. ತಿಪಟೂರಿನ ಆ ಒಂದೇ ಅಂಗಡಿಯ ಹೋಟೆಲಿಗೆ ಈ ಹೊರೆ ಇಲ್ಲ. ಆದರೂ ಕೆಲವರಿಗೆ ಅಲರ್ಜಿ ತರುವ ಶೇಂಗಾ, ಗೋಡಂಬಿ, ಹಾಲು, ಗೋಧಿ ಇರುವ ತಿನಿಸುಗಳನ್ನು ಗುರುತಿಸಿ ಬರೆಯುವುದು ಒಳ್ಳೆಯದೆಂದೇ ನಾನು ಹೇಳುತ್ತೇನೆ. ಚಟ್ನಿಯಲ್ಲಿ ಶೇಂಗಾ ಇದೆಯೇ ಎಂದು ಗಿರಾಕಿ ಕೇಳಿದಾಗ ಸಪ್ಲೈಯರ್ ಅಡುಗೆಮನೆಗೆ ಓಡಿ ಭಟ್ಟರನ್ನು ಕೇಳಿ ಬರುವಷ್ಟರಲ್ಲಿ ಪಕ್ಕದ ಮೇಜಿನ ಕಾಫಿ ಆರಿರುತ್ತದೆ.

ವಿನ್ಯಾಸ ಮಾಡುವವರು ಒಂದು ಬೆಳಿಗ್ಗೆ ಗಲ್ಲಾದ ಪಕ್ಕದಲ್ಲಿ ಕುಳಿತು ಏನು ಯಾವಾಗ ಖರ್ಚಾಗುತ್ತದೆ ಎಂದು ನೋಡಬೇಕು. ಇಡ್ಲಿ ಹನ್ನೊಂದಕ್ಕೆ ಮುಗಿಯುವುದಾದರೆ ಅದರ ಎದುರು ಹೊತ್ತು ನಮೂದಿಸಿ, ‘ಖಾಲಿ ಆಗಿದೆ’ ಎಂದು ದಿನಕ್ಕೆ ನಲವತ್ತು ಸಲ ಹೇಳುವುದು ತಪ್ಪುತ್ತದೆ. ಹೆಸರುಗಳ ಬಗ್ಗೆ ನನ್ನದೊಂದು ಹಟವಿದೆ: ಚಿತ್ರಾನ್ನವನ್ನು ‘ಲೆಮನ್ ರೈಸ್’ ಎಂದು ಕನ್ನಡ ಲಿಪಿಯಲ್ಲಿ ಬರೆಯಬೇಡಿ.

ಕ್ಯೂಆರ್ ಕಾರ್ಡಿಗೆ ಪೂರಕವಾದೀತು, ಬದಲಿಯಾಗದು. ಮೊಬೈಲಿನಲ್ಲಿ ಚಾರ್ಜ್ ಇಲ್ಲದವರೂ ಊಟಕ್ಕೆ ಬರುತ್ತಾರೆ. ಅಚ್ಚಿನ ವಿಚಾರ ಮೇಲಿನವರೇ ಹೇಳಲಿ.

ಉತ್ತರ (ಮುದ್ರಣ ವೃತ್ತಿಯವರು): ಕ್ಯೂಆರ್‌ನ ಚೌಕ 2 ಸೆಂ.ಮೀ.ಗಿಂತ ಚಿಕ್ಕದಾಗದಿರಲಿ. ಸುತ್ತಲೂ ಅದರ ನಾಲ್ಕು ಚುಕ್ಕೆಗಳಷ್ಟು ಅಗಲದ ಖಾಲಿ ಜಾಗ ಬೇಕು, ಬಣ್ಣ ಕಪ್ಪು, ಹಿನ್ನೆಲೆ ಬಿಳಿ. ನೇರ ವೆಬ್ ವಿಳಾಸ ಅಡಕವಾಗಿರುವ ಕೋಡನ್ನು ಅಚ್ಚಾದ ಮೇಲೆ ಬದಲಿಸಲಾಗದು. ಉಚಿತ ಸೇವೆಯ ಕೊಂಡಿಯನ್ನು ಕೊಟ್ಟು, ಆ ಸೇವೆ ನಿಂತರೆ ಕಾರ್ಡುಗಳಷ್ಟೂ ದಂಡ, ಆದ್ದರಿಂದ ಹೋಟೆಲಿನವರದೇ ಸ್ವಂತ ವಿಳಾಸವಿರಲಿ. ಹೊಳಪಿನ ಲ್ಯಾಮಿನೇಷನ್ ಮೇಲೆ ದೀಪ ಪ್ರತಿಫಲಿಸಿ ಕೋಡ್ ಓದಿಸಿಕೊಳ್ಳದು, ಮ್ಯಾಟ್ ಮಾಡಿಸಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡ್ ಬಳಸುವುದಾದರೆ ಮಡಚುವ ಮೊದಲು ಕ್ರೀಸ್ (ಮಡಿಕೆಯ ಜಾಗದಲ್ಲಿ ಒತ್ತುಗೆರೆ) ಹೊಡೆಸಲೇಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಶಾಯಿ ಬಿರಿದು ಬಿಳಿ ಕಾಣುತ್ತದೆ.

ತಿಪಟೂರಿನವರಿಗೆ, ಹಣದ ವಿಚಾರ. ತಿದ್ದಿದ ಫೈಲನ್ನು ಶುಲ್ಕವಿಲ್ಲದೆ ಕೊಡುವುದಾಗಿ ಮಾಲೀಕರಿಗೂ, ಪ್ಲೇಟಿನ ಖರ್ಚನ್ನು ಅರ್ಧ ಹೊರಬೇಕೆಂದು ಪ್ರೆಸ್ಸಿಗೂ ಹೇಳಿ ನೋಡಿ. ಮುಂದೆ ಇದೇ ತಗಾದೆ ಬರಬಾರದೆಂದರೆ, ಕಾಗದದ ಮೇಲೆ ತೆಗೆದ ಪ್ರೂಫನ್ನು ಮಾಲೀಕರ ಮುಂದೆ ಇಟ್ಟು, ಪ್ರತಿ ದರದ ಎದುರಿಗೂ ಅವರ ಕೈಯಿಂದಲೇ ಟಿಕ್ ಹಾಕಿಸಿ, ಕೆಳಗೆ ಸಹಿ ಮತ್ತು ದಿನಾಂಕ ಬರೆಸಿಕೊಂಡು ಅದರ ಫೋಟೋವನ್ನು ಫೈಲಿನ ಜೊತೆಯಲ್ಲೇ ಪ್ರೆಸ್ಸಿಗೆ ಕಳುಹಿಸಿ.