ಪದಚರ್ಚೆ: ಗಾರ್ಜ್ ಕಮರಿಯೋ ಕೊಳ್ಳವೋ? ಲೈಮ್ ಮರ ಮಾತ್ರ ನಿಂಬೆಯಲ್ಲ

ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಅಂಟಿಕೊಂಡಿರುವ ಏವನ್ ಗಾರ್ಜ್ ಮತ್ತು ಅದರ ಪಶ್ಚಿಮ ದಂಡೆಯ ಲೀ ವುಡ್ಸ್ ಕಾಡಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವಾಗ ಕೆಲವು ಪದಗಳು ಕಾಲು ಹಿಡಿದು ನಿಲ್ಲಿಸುತ್ತವೆ. ನನ್ನ ಸಲಹೆಗಳನ್ನು ಕೆಳಗೆ ಕೊಟ್ಟಿದ್ದೇನೆ, ತಿದ್ದಬೇಕಾದಲ್ಲಿ ತಿದ್ದಿ.

ಮೊದಲನೆಯದು ಗಾರ್ಜ್. ‘ಕಣಿವೆ’ ಎಂದರೆ ಅಗಲವಾದ ತಗ್ಗು ಕಣ್ಣಿಗೆ ಬರುತ್ತದೆ. ಇಲ್ಲಿ ಹಾಗಿಲ್ಲ. ಸುಮಾರು 35 ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನ ದಿಬ್ಬವನ್ನು ನದಿ ಸೀಳಿಕೊಂಡು ಹೋಗಿದೆ, ಎರಡೂ ಬದಿ ಕಡಿದಾದ ಬಂಡೆ. 1864ರಲ್ಲಿ ತೆರೆದ ಕ್ಲಿಫ್ಟನ್ ತೂಗುಸೇತುವೆ, ಉಬ್ಬರದ ನೀರಿನಿಂದಲೇ ಸುಮಾರು 75 ಮೀಟರ್ ಎತ್ತರದಲ್ಲಿದೆ. ಇದಕ್ಕೆ ‘ಕಮರಿ’ಯೇ ಸರಿ. ‘ಕೊಳ್ಳ’ವನ್ನು ಪಕ್ಕದ ನೈಟಿಂಗೇಲ್ ವ್ಯಾಲಿಗೆ ಉಳಿಸಿಕೊಳ್ಳೋಣ. ಕಾಡಿನೊಳಗಿಂದ ನದಿಗೆ ಇಳಿಯುವ ಆ ಕಿರಿದಾದ ತಗ್ಗು, ಸಿದ್ಧನಕೊಳ್ಳದಂಥ ಹೆಸರುಗಳಲ್ಲಿ ನಾವು ಕೇಳುವ ಕೊಳ್ಳವೇ.

ಜಾಗದ ಹೆಸರುಗಳನ್ನು ಮುಟ್ಟಲೇಬೇಡಿ. ಕ್ಲಿಫ್ಟನ್ ಡೌನ್, ಡರ್ಡಮ್ ಡೌನ್ ಇರುವುದು ಕಮರಿಯ ಮೇಲೆ; ಡೌನ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಗುಡ್ಡ. ‘ಕೆಳಗೆ’ ಎಂದು ತಿಳಿದವರು ನದಿಯ ಪಕ್ಕ ಹುಡುಕುತ್ತಾರೆ. ಪ್ಯಾರಡೈಸ್ ಬಾಟಮ್‌ನ ಬಾಟಮ್ ಎಂದರೆ ಕಣಿವೆಯ ಅಡಿ. ಸ್ಟೋಕ್ಲೀ ಕ್ಯಾಂಪಿನಲ್ಲಿ ಡೇರೆ ಹುಡುಕಬಾರದು, ಅದು ಕಬ್ಬಿಣಯುಗದ ಕೋಟೆ.

ಹೆಚ್ಚು ಎಡವುವುದು ಲೈಮ್‌ನಲ್ಲಿ. ಸುಣ್ಣದ ಲೈಮ್, ಹಣ್ಣಿನ ಲೈಮ್, ಕಾಡಿನ ಲೈಮ್ ಮೂರೂ ಬೇರೆ ಬೇರೆ ಬೇರಿನ ಪದಗಳು. ಹಣ್ಣಿನದು ಅರಬ್ಬಿ ಮೂಲದ್ದು, ಮರದ್ದು ‘ಲಿಂಡ್’ ಸವೆದು ಬಂದದ್ದು. ಲೀ ವುಡ್ಸ್‌ನ ಸಣ್ಣೆಲೆ ಲೈಮ್‌ಗೂ ನಿಂಬೆಗೂ ನಂಟಿಲ್ಲ. ಎಲೆ ಹೃದಯದಾಕಾರದ್ದು. ಮಗುಚಿ ನೋಡಿದರೆ ನರ ಕವಲೊಡೆಯುವ ಮೂಲೆಗಳಲ್ಲಿ ತುಕ್ಕಿನ ಬಣ್ಣದ ಪುಟ್ಟ ರೋಮಗುಚ್ಛ ಕಾಣುತ್ತದೆ. ಮರದ ವೈಜ್ಞಾನಿಕ ಹೆಸರಿನಂತೆ ‘ಟಿಲಿಯ’ ಎಂದು ಬರೆದು ಈ ಗುರುತನ್ನು ಕೊಟ್ಟರೆ ಗೊಂದಲವಿಲ್ಲ. ವೈಟ್‌ಬೀಮ್ ಎಂಬ ಮರದ ಹೆಸರೂ ಹೀಗೆಯೇ: ಬೀಮ್ ಎಂದರೆ ಹಿಂದೆ ಮರ, ಎಲೆಯ ಅಡಿ ಬೆಳ್ಳಗಿರುವುದರಿಂದ ವೈಟ್. ‘ಬಿಳಿ ತೊಲೆ’ ಎಂದುಬಿಟ್ಟರೆ, ಈ ಕಮರಿಯಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ಬ್ರಿಸ್ಟಲ್ ವೈಟ್‌ಬೀಮ್‌ಗೆ ಅನ್ಯಾಯವಾಗುತ್ತದೆ.

ಏನ್ಶೆಂಟ್ ವುಡ್‌ಲ್ಯಾಂಡ್ ‘ಪುರಾತನ ಮರಗಳ ಕಾಡು’ ಅಲ್ಲ. ಇಂಗ್ಲೆಂಡಿನಲ್ಲಿ 1600ರಿಂದ ಇಂದಿನವರೆಗೆ ಬಿಡದೆ ಕಾಡಾಗಿಯೇ ಉಳಿದ ನೆಲಕ್ಕೆ ಆ ಹೆಸರು. ಮರ ಎಳೆಯದಾಗಿರಬಹುದು, ನೆಲದ ನಂಟು ಹಳೆಯದು. ‘ಹಳೆಗಾಡು’ ಹೇಗೆ? ‘ದೇವರಕಾಡು’ ಬೇಡ, ಅಲ್ಲಿ ಹರಕೆ, ನಂಬಿಕೆ ಸೇರಿಕೊಳ್ಳುತ್ತವೆ. ನೇಚರ್ ರಿಸರ್ವ್‌ಗೆ ‘ನಿಸರ್ಗಧಾಮ’ ಎಂದರೆ ದೋಣಿವಿಹಾರ, ಜೋಕಾಲಿ ನೆನಪಾಗುವುದರಿಂದ ‘ಸಂರಕ್ಷಿತ ನಿಸರ್ಗ ಪ್ರದೇಶ’ ಇರಲಿ.

ಇನ್ನು ಕಾಪಿಸ್. ಮರವನ್ನು ನೆಲಮಟ್ಟಕ್ಕೆ ಕಡಿದು, ಬುಡದಿಂದ ಎದ್ದ ಹಲವು ಚಿಗುರುಗಳನ್ನು ಕೆಲವು ವರ್ಷ ಬೆಳೆಯಬಿಟ್ಟು ಮತ್ತೆ ಕಡಿಯುವ ಕ್ರಮವಿದು. ಕಬ್ಬು ಕಡಿದ ಮೇಲೆ ಬರುವ ಬೆಳೆಗೆ ‘ಕೂಳೆ’ ಎನ್ನುತ್ತೇವಲ್ಲ, ಅದೇ ತತ್ತ್ವ. ಆದ್ದರಿಂದ ‘ಕೂಳೆಮರ’ ನನಗೆ ಬಹಳ ಹಿಡಿಸಿದೆ. ಆದರೆ ಕೂಳೆಚಿಗುರು ಜಿಂಕೆಯ ಬಾಯಿಗೆ ಎಟುಕುತ್ತದೆ, ಬೇಲಿಯಿಲ್ಲದಿದ್ದರೆ ಬುಡವೇ ಸಾಯಬಹುದು. ದನ ಮೇಯುವಲ್ಲಿ ಅದಕ್ಕೇ ಎರಡು ಮೂರು ಮೀಟರ್ ಎತ್ತರದಲ್ಲಿ ಕಡಿಯುತ್ತಿದ್ದರು, ಅದು ಪೊಲಾರ್ಡ್. ಲೀ ವುಡ್ಸ್‌ನ ದಪ್ಪ ಕಾಂಡದ ಹಳೆಯ ಓಕ್‌ಗಳು ಹೀಗೆ ರೂಪ ಪಡೆದವು.

ಪೊಲಾರ್ಡ್‌ಗೆ ಸದ್ಯ ‘ತಲೆಸವರಿದ ಮರ’ ಎಂದಿಟ್ಟಿದ್ದೇನೆ. ಅರ್ಥ ಸರಿ, ಮಾತು ಉದ್ದ. ಸೊಪ್ಪಿನ ಬೆಟ್ಟದಲ್ಲಿ ವರ್ಷವರ್ಷ ತಲೆ ಕಡಿಸಿಕೊಂಡು ಮತ್ತೆ ಚಿಗುರುವ ಮರವನ್ನು ಅಡಿಕೆ ಸೀಮೆಯವರು ಒಂದೇ ಪದದಲ್ಲಿ ಏನನ್ನುತ್ತೀರಿ?